ಮಂಡಿಯೂರಿದ ರೋಮನರು

ನಮ್ಮ ಕೋಟೆ ಹಿಡಿಯಲಾಗದ ರೋಮನರ ದಂಡು ಹಸಿದು ಕಂಗಾಲಾಗಿ ಬೆಟ್ಟದ ದಾರಿ ಹಿಡಿದು ವಾಪಸು ಹೊರಟಿತ್ತು. ನಮ್ಮ ಪಾರ್ಥಿಯನ್ ಪಡೆಗೆ ಅವರ ಬೆನ್ನಟ್ಟುವ ಸಂಭ್ರಮ. ನನಗೆ ಮಾತ್ರ ಅನೋಶಳ ಚಿಂತೆ.

"ಗೋದರ್ಜ, ನಿಂಗೆ ಬಾಯಲ್ಲಿ ಊರವರ ದನಿಯೆಲ್ಲ ಬರತ್ತೆ, ಕೈಯಲ್ಲಿ ಏನೂ ಬರಲ್ಲ," ಎಂದಿದ್ದರು ಅವಳಪ್ಪ ಸನತ್ರೂಕ್. "ಜೀವಂತ ರೋಮನ್ ಒಬ್ಬನ್ನ ಹಿಡ್ಕೊಂಡು ಬಾ, ಮಗಳನ್ನ ಕೊಡ್ತೀನಿ. ಇಲ್ಲಾಂದ್ರೆ ಕುದುರೆ ವ್ಯಾಪಾರಿ ವರಾಜನಿಗೆ ಕೊಡೋದೇ."

ಜೀವಂತ ಬೇಕಲ್ಲ! ನನ್ನ ಬಾಣಗಳೆಲ್ಲ ರೋಮನರನ್ನು ಬಿಟ್ಟು ಬಂಡೆಗಳನ್ನೇ ಹುಡುಕಿಕೊಂಡು ಹೋಗುತ್ತಿದ್ದವು.

ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಮುಂದಿನ ಸಾಲಿನ ರೋಮನರು ದಬಕ್ಕನೆ ಮಂಡಿಯೂರಿದರು. ಹಿಂದಿನವರು ತಲೆಯ ಮೇಲೆ ಗುರಾಣಿ ಹೊದ್ದರು. ನಮ್ಮಲ್ಲಿ ಸೋತವನು ಮಂಡಿಯೂರುತ್ತಾನೆ. ಮಂಡಿಯೂರಿದವನ ಮೇಲೆ ಬಾಣ ಬಿಡುವುದು ನಾಚಿಕೆಗೇಡು. ನಮ್ಮ ಶರ ಮುಗಿಯುವ ಮೊದಲೇ ಅವರು ಶರಣು ಬಂದರಲ್ಲ ಎಂದು ಎಲ್ಲರೂ ಬಿಲ್ಲನ್ನು ಹೆಗಲಿಗೇರಿಸಿದರು. ಕುರಿ ಆರಿಸುವವನಂತೆ ನಾನು ಕುದುರೆಯಿಳಿದು ಮುಂದೆ ನಡೆದೆ.

"ದಪ್ಪಗಿರೋನ್ನ ಆರಿಸ್ಕೊಳೋ!" ಗೆಳೆಯ ಮಿಥ್ರೇನ್ ಹಿಂದಿನಿಂದ ಕೂಗಿದ.

"ಉಪವಾಸ ಇರೋರಲ್ಲಿ ದಪ್ಪಗಿರೋನು ಎಲ್ಲಿ ಸಿಗ್ತಾನೋ ಮಂಕೇ!"

ಗಂಟಲು ಸರಿಮಾಡಿಕೊಂಡು, ನಮ್ಮ ದಳಪತಿಯ ಮೂಗಿನ ದನಿಯಲ್ಲೇ ಅಪ್ಪಣೆ ಕೊಡಿಸಿದೆ: "ಏಳಿ ಮಕ್ಕಳೇ! ನಿಮ್ಮನ್ನ ಕ್ಷಮಿಸಿದೀವಿ!"

ಎದ್ದರು. ಎಲ್ಲರೂ ಒಟ್ಟಿಗೆ, ಕತ್ತಿ ಸಮೇತ.

ಅದು ಬಾಣ ತಡೆಯುವ ಅವರ ಕವಾಯತು ಎಂದು ನಾನು ಕಲಿತದ್ದು ಓಡುತ್ತಾ. ನನ್ನ ಕುದುರೆ ನನಗಿಂತ ಮೊದಲೇ ಕಲಿತು ಮಿಥ್ರೇನನ ಕುದುರೆಯ ಜೊತೆ ಹೋಗಿಬಿಟ್ಟಿತ್ತು. ಒಬ್ಬ ಉದ್ದನೆಯ ರೋಮನ್ ಮಾತ್ರ ಬಿಡದೆ ನನ್ನ ಬೆನ್ನು ಹತ್ತಿದ. ಬಂಡೆಯೊಂದರ ಹಿಂದೆ ಎಡವಿ ಬಿದ್ದೆ. ಚೀಲದಿಂದ ರೊಟ್ಟಿಗಳು ಉರುಳಿದವು.

"ಅಯ್ಯೋ, ಮದುವೆ ಗೊತ್ತಾಗಿದೆ ಕಣಪ್ಪ ನಂಗೆ, ಹೊಡೀಬೇಡ!" ಎಂದು ಕಣ್ಣು ಮುಚ್ಚಿದೆ.

ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಕತ್ತಿ ನೆಲದ ಮೇಲಿತ್ತು, ಅವನ ಎರಡು ಕೈಯಲ್ಲೂ ರೊಟ್ಟಿಯಿತ್ತು. ಅವನ ಭಾಷೆ ನನಗೆ ಬಾರದು. ಹಿಟ್ಟು ನಾದಿದಂತೆ, ತಟ್ಟಿದಂತೆ, ಬಿಸಿಬಿಸಿ ರೊಟ್ಟಿಗೆ ಬೆರಳು ಸುಟ್ಟುಕೊಂಡಂತೆ ಅಭಿನಯಿಸಿ, ಬೆಟ್ಟದಾಚೆಯ ನಮ್ಮೂರಿನ ಕಡೆ ಕೈ ತೋರಿಸಿದೆ. ಅವನು ಬಾಯಿ ಒರೆಸಿಕೊಂಡು ತಾನೇ ಮುಂದಾಗಿ ಹೊರಟ.

"ಇದೇನೋ ಇದು, ಸೆರೆಯಾಳು ಬೀಗರ ಥರ ನಡ್ಕೊಂಡು ಬರ್ತಿದಾನೆ?" ಎಂದರು ಬಾಗಿಲಲ್ಲಿ ಸನತ್ರೂಕ್.

"ಓಡಿ ಹೋಗಲ್ಲ ಮಾವ. ಬಡಿಸಿ ನೋಡಿ."

ಬಡಿಸಿದರು. ಹನ್ನೊಂದನೆಯ ರೊಟ್ಟಿಗೆ ಅತ್ತೆ ಹಿಟ್ಟಿನ ಗುಡಾಣವನ್ನು ಬಗ್ಗಿಸಿ ತಳ ಕೆರೆದರು. ಕಂಬದ ಹಿಂದೆ ಅನೋಶ ನಗು ತಡೆಯಲಾಗದೆ ಮುಸುಕು ಕಚ್ಚಿಕೊಂಡಳು.

"ಸರಿ ಮಾವ, ನಿಮ್ಮ ರೋಮನ್ ನಿಮಗೆ," ಎಂದು ನಾನೆದ್ದೆ. "ಮದುವೆ ವಿಚಾರ ನಿಧಾನಕ್ಕೆ ಮಾತಾಡೋಣ."

"ನಿಧಾನಕ್ಕಾ?" ಮಾವ ನನ್ನ ತೋಳು ಹಿಡಿದುಕೊಂಡರು. "ನಾಳೆ ಬೆಳಿಗ್ಗೆನೇ ಮದುವೆ. ಮಧ್ಯಾಹ್ನದ ಊಟದೊಳಗೆ ಇವಳನ್ನೂ ಈ ರೋಮನ್ನನ್ನೂ ಇಬ್ಬರನ್ನೂ ನಿಮ್ಮನೆಗೆ ಕರ್ಕೊಂಡು ಹೋಗು!"