ಸ್ಯಾನ್ ಡಿಯೇಗೋದ ಹಳೇ ಮ್ಯಾಚು

"ನೋಡ್ತಿರಿ, ಇವನು ಬೀಸಿ ಹೊಡೆಯಲ್ಲ. ಸುಮ್ನೆ ತಾಗಿಸಿ ಓಡ್ತಾನೆ," ಎಂದಳು ಮಂಜುಶ್ರೀ, ಹುರುಳಿಕಾಯಿಯ ನಾರು ತೆಗೆಯುತ್ತಲೇ.

ಟಿವಿಯಲ್ಲಿ ಆಟಗಾರ ಬ್ಯಾಟನ್ನು ಅಡ್ಡ ಹಿಡಿದು, ಚೆಂಡನ್ನು ಮೆಲ್ಲಗೆ ತಟ್ಟಿ ಓಡಿಯೇಬಿಟ್ಟ. ಶ್ರೀರಂಗ ಟಿವಿ ಬಿಟ್ಟು ಹೆಂಡತಿಯತ್ತ ತಿರುಗಿದ.

ಅದು ಕೊರೋನಾದ ಮೊದಲ ಬೇಸಿಗೆ. ಎಲ್ಲಿಯೂ ಆಟವಿಲ್ಲದೆ ಚಾನೆಲ್ಲುಗಳು ಹಳೆಯ ಬೇಸ್‌ಬಾಲ್ ಪಂದ್ಯಗಳನ್ನೇ ಮತ್ತೆ ಹಾಕುತ್ತಿದ್ದವು. ಇವತ್ತಿನದು ಎಂಬತ್ತರ ದಶಕದ್ದು, ಸ್ಯಾನ್ ಡಿಯೇಗೋದ ಮೈದಾನದಲ್ಲಿ ಲಾಸ್ ಏಂಜಲೀಸ್ ವಿರುದ್ಧ ಆಡಿದ್ದು. ಲಾಸ್ ಏಂಜಲೀಸಿನ ಪಕ್ಕದ ಪಸಡೀನಾದ ಈ ಮನೆಯಲ್ಲಿ ಬೇಸ್‌ಬಾಲ್ ಶ್ರೀರಂಗನೊಬ್ಬನ ಹುಚ್ಚು. ಮದುವೆಯಾದ ಹೊಸತರಲ್ಲಿ ಊಟದ ಮೇಜಿನ ಮೇಲೆ ಚಮಚ, ಲೋಟಗಳನ್ನು ಜೋಡಿಸಿ ಅವಳಿಗೆ ಆಟ ವಿವರಿಸಿದ್ದ. ಅವಳು ಹೂಂಗುಟ್ಟಿದ್ದಳು. ಆದರೆ ಒಮ್ಮೆಯೂ ಜೊತೆಗೆ ಸ್ಟೇಡಿಯಂಗೆ ಬಂದವಳಲ್ಲ. "ನಂಗೆ ತಲೆಬುಡ ಅರ್ಥ ಆಗಲ್ಲ, ನೀವು ಹೋಗ್ಬನ್ನಿ" ಎನ್ನುತ್ತಿದ್ದಳು.

"ನಿಂಗೆ ಹೇಗೆ ಗೊತ್ತಾಯ್ತು?"

ಅಷ್ಟರಲ್ಲಿ ಕ್ಯಾಮೆರಾ ಪ್ರೇಕ್ಷಕರತ್ತ ಹೊರಳಿತು. ಮಂಜುಶ್ರೀ ಎದ್ದು ನಿಂತಳು. "ಅಯ್ಯೋ, ಅದು ನಾನೇ ಕಣ್ರೀ! ನಿಲ್ಸಿ, ನಿಲ್ಸಿ!"

ಅವನು ಚಿತ್ರ ನಿಲ್ಲಿಸಿದ. ಹಳದಿ ಸ್ವೆಟರಿನ ಹುಡುಗಿಯೊಬ್ಬಳು ಬಾಯ್ತುಂಬ ನಗುತ್ತ ಪಕ್ಕದವನ ಕಡೆಗೆ ವಾಲಿದ್ದಳು. ದಪ್ಪ ಮೀಸೆಯ ಅವನು ಕಡಲೆಕಾಯಿಯ ಪೊಟ್ಟಣವನ್ನು ಅವಳ ಮುಂದೆ ಹಿಡಿದಿದ್ದ. ತಮ್ಮ ಮನೆಯ ಯಾವ ಆಲ್ಬಮ್ಮಿನಲ್ಲೂ ಶ್ರೀರಂಗ ಆ ನಗುವನ್ನು ಕಂಡಿರಲಿಲ್ಲ.

"ಪಕ್ಕದಲ್ಲಿರೋನು ಯಾರು?"

"ರಾಘವ್. ಅಲ್ಲಿ ಎಂ.ಎಸ್. ಮಾಡ್ವಾಗ ನಮ್ ಲ್ಯಾಬಲ್ಲಿದ್ದ. ಶನಿವಾರ ಬಂತಂದ್ರೆ ಇಬ್ರೂ ಮ್ಯಾಚಿಗೆ ಹೋಗ್ತಿದ್ವಿ."

"ಹಾಗಾದ್ರೆ ನಾನು ಚಮಚ ಇಟ್ಕೊಂಡು ಪಾಠ ಮಾಡಿದ್ದು?"

"ಹೇಳ್ಕೊಡೋದ್ರಲ್ಲಿ ನಿಮಗೆ ಎಷ್ಟು ಖುಷಿ ಇತ್ತು! ಗೊತ್ತು ಅನ್ನೋಕೆ ಬಾಯೇ ಬರ್ಲಿಲ್ಲ."

ಅಷ್ಟೇ ಆಗಿದ್ದರೆ ನಕ್ಕುಬಿಡಬಹುದಿತ್ತು. "ಸರಿ, ಆಮೇಲೆ ಸ್ಟೇಡಿಯಂಗಾದ್ರೂ ಬರಬಹುದಿತ್ತಲ್ಲ?"

ಅವಳು ಮತ್ತೆ ಕೂತು ಕೈಯಲ್ಲಿದ್ದ ಹುರುಳಿಕಾಯಿಯನ್ನು ಮುರಿದಳು. "ಅಲ್ಲಿ ಇನ್ನೊಬ್ರ ಪಕ್ಕ ಕೂರೋಕೆ ಮನಸ್ಸು ಬರ್ಲಿಲ್ಲ."

ಶ್ರೀರಂಗನಿಗೆ ಕಿವಿಯವರೆಗೂ ಬಿಸಿಯೇರಿತು. "ಮದುವೆ ಆಗ್ಬೇಕು ಅಂತಿತ್ತಾ?"

"ನಂಗಿತ್ತು. ಅವ್ನು ಕೇಳ್ಲಿಲ್ಲ. ರಜಕ್ಕೆ ಊರಿಗೆ ಹೋದವನು ಮದ್ವೆ ಮಾಡ್ಕೊಂಡೇ ಬಂದ."

ಕೇಳಿದ್ದಿದ್ದರೆ? ಆ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಚುಚ್ಚಲಿಕ್ಕೆಂದೇ ಇನ್ನೊಂದನ್ನು ಆಡಿದ: "ಈ ಮ್ಯಾಚಲ್ಲಿ ನಿಮ್ಮ ಸ್ಯಾನ್ ಡಿಯೇಗೋ ಸೋಲತ್ತೆ, ಗೊತ್ತಲ್ಲ?"

"ಗೊತ್ತು ರೀ," ಎಂದಳು ಅವಳು. "ಕೊನೇವರೆಗೂ ನಾನು ಅಲ್ಲೇ ಕೂತಿದ್ನಲ್ಲ."

ಅಡುಗೆಮನೆಯಲ್ಲಿ ಫೋನು ರಿಂಗಾಯಿತು. ಮಗಳು ಸಂಹಿತಾಳದ್ದು. ಮಂಜುಶ್ರೀ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. "ನಾನು ಟಿವೀಲಿ ಬಂದಿದೀನಿ ಕಣೇ!" ಎಂದು ಅವಳು ಹೇಳುವುದು ಕೇಳಿಸುತ್ತಿತ್ತು. ರಾಘವನ ಹೆಸರು ಬರುತ್ತದೇನೋ ಎಂದು ಶ್ರೀರಂಗ ಕಿವಿಗೊಟ್ಟು ಕೂತ. ಬರಲಿಲ್ಲ. ಬಾರದಿದ್ದುದಕ್ಕೆ ಅವನಿಗೆ ಇನ್ನೂ ಹೆಚ್ಚು ಉರಿಯಿತು.

ಎದ್ದು ಟಿವಿಯ ಹತ್ತಿರ ಹೋದ. ಅಡುಗೆಮನೆಯ ಕಡೆಗೊಮ್ಮೆ ನೋಡಿ, ಆ ಮೀಸೆಯ ಮುಖದ ಮೇಲೆ ಅಂಗೈ ಇಟ್ಟ. ಮುಖ ಪೂರ್ತಿ ಮರೆಯಾಯಿತು. ಗಾಜು ಬೆಚ್ಚಗಿತ್ತು. ಹಳದಿ ಸ್ವೆಟರಿನ ಹುಡುಗಿ ಈಗ ಅವನ ಕೈಯ ಕಡೆಗೆ ವಾಲಿ ನಗುತ್ತಿದ್ದಳು. ಒಳಗೆ ಮಾತು ನಿಂತು ಹೆಜ್ಜೆಯ ಸಪ್ಪಳ ಹತ್ತಿರವಾದರೂ ಅವನು ಕೈ ತೆಗೆಯಲಿಲ್ಲ.