ಪಾಸ್‌ವರ್ಡಿನ ಇನ್ನರ್ಧ

ಬೆಳಗಿನಿಂದ ಪರದೆಯದು ಹಾಡಿದ್ದೇ ಹಾಡು: ಪಾಸ್‌ವರ್ಡ್ ತಪ್ಪು. ಈ ಮಾತನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಫೈಲು ಅರ್ಧಂಬರ್ಧ ಬಂದಿದ್ದರೂ, ಹೊಸ ಬಗೆಯ ಬೀಗ ಹಳೆಯ ಸರ್ವರಿಗೆ ಅರ್ಥವಾಗದಿದ್ದರೂ ಅದು ತಪ್ಪನ್ನು ಪಾಸ್‌ವರ್ಡಿನ ತಲೆಗೇ ಕಟ್ಟುತ್ತದೆ. ಮೊಬೈಲ್ ಆ್ಯಪಿನ ಕಡೆ ನನ್ನ ಸಹೋದ್ಯೋಗಿ ಲಂಬು ಇಟ್ಟಿದ್ದ ಪ್ರತಿಯನ್ನೂ ನನ್ನ ಸರ್ವರಿನ ಪ್ರತಿಯನ್ನೂ ಹೋಲಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬೀಗದ ಬಗೆಯೂ ಸರಿಯಿತ್ತು. ಅಂದರೆ ತಪ್ಪಿದ್ದದ್ದು ಪಾಸ್‌ವರ್ಡೇ.

ತಪ್ಪದೆ ಇನ್ನೇನು? ನನಗೆ ಗೊತ್ತಿದ್ದದ್ದು ಅರ್ಧ ಮಾತ್ರ.

ಇಂಥ ಫೈಲಿಗೆ ಬೀಗ ಹಾಕುವಾಗಲೂ ತೆಗೆಯುವಾಗಲೂ ನಮ್ಮಲ್ಲೊಂದು ಪದ್ಧತಿ. ಮೊದಲರ್ಧ ಸರ್ವರ್ ನೋಡಿಕೊಳ್ಳುವ ನನ್ನದು, ಉಳಿದರ್ಧ ಆ್ಯಪ್ ಬರೆಯುವ ಲಂಬುವಿನದು. ಎಲ್ಲೂ ಬರೆದಿಡುವಂತಿಲ್ಲ. ನಾನು ನನ್ನದನ್ನು ಒತ್ತಿ, ಎದ್ದು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅವನು ಕೂತು ತನ್ನದನ್ನು ಒತ್ತಿ "ತಿರುಗು" ಅನ್ನುವವರೆಗೆ ತಿರುಗುವಂತಿಲ್ಲ. ಕೂರುವ ಮುಂಚೆ ಉದ್ದ ಕಾಲಿನ ಆ ಒಂಟೆ ನನ್ನ ಕುರ್ಚಿಯನ್ನು ಆದಷ್ಟೂ ಮೇಲಕ್ಕೆ ಏರಿಸುತ್ತಿದ್ದ. ಆಮೇಲೆ ನಾನು ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಎಷ್ಟು ಬೈದರೂ ಹಲ್ಲು ಕಿರಿಯುತ್ತಿದ್ದ.

ಹೋದ ತಿಂಗಳು ಅವನ ಬೈಕಿಗೆ ಲಾರಿ ಗುದ್ದಿತು. ಅವನ ಅರ್ಧ ಅವನ ಜೊತೆಗೇ ಹೋಯಿತು.

ಸರ್ವರಿಗೂ ಫೋನುಗಳಿಗೂ ನಡುವೆ ಗುರುತುಚೀಟಿಯಂತಿದ್ದ ಹಳೆಯ ಸರ್ಟಿಫಿಕೇಟಿನ ಅವಧಿ ಆ ಸಂಜೆಗೆ ಮುಗಿಯುತ್ತಿತ್ತು. ಹೊಸದನ್ನು ಅವನಿದ್ದಾಗಲೇ ಇಬ್ಬರೂ ಸೇರಿ ಮಾಡಿ, ಈ ಫೈಲಿನಲ್ಲಿ ಬೀಗ ಹಾಕಿ ಇಟ್ಟಿದ್ದೆವು. ತೆರೆದ ಕೂಡಲೇ ಸರ್ವರು ಅದನ್ನು ತಾನೇ ಬಳಸತೊಡಗುತ್ತದೆ; ತೆರೆಯದಿದ್ದರೆ ಸಂಜೆಯ ಮೇಲೆ ಯಾವ ಫೋನನ್ನೂ ಗುರುತು ಹಿಡಿಯುವುದಿಲ್ಲ. ಆ ಫೋನುಗಳಲ್ಲಿ ಒಂದು ನನ್ನ ಅಕ್ಕನದು. ಅವಳ ಎದೆಗೆ ಅಂಟಿಸಿದ ಪುಟ್ಟ ಯಂತ್ರ, ಬಡಿತ ತಪ್ಪಿದರೆ ಫೋನಿಗೆ ಹೇಳುತ್ತದೆ, ಫೋನು ಸರ್ವರಿಗೆ, ಸರ್ವರು ಆಂಬುಲೆನ್ಸಿಗೆ. ಹಾಗೆಯೇ ಒಮ್ಮೆ ಉಳಿದುಕೊಂಡವಳು ಅವಳು. ಹೊಸ ಫೈಲು ಮಾಡಿ ಎಲ್ಲ ಫೋನಿಗೂ ತಲುಪಿಸಲು ವಾರ ಬೇಕು. ಅಷ್ಟು ದಿನ ಅವಳ ಎದೆ ನಿಂತರೂ ಯಾರಿಗೂ ಗೊತ್ತಾಗುವುದಿಲ್ಲ. ಲಂಬು ಹೋದ ಸುದ್ದಿಯನ್ನೂ ಆ ಎದೆಗೆ ಹೆದರಿಯೇ ಮುಚ್ಚಿಟ್ಟಿದ್ದೆ. ಅವನೆಂದರೆ ಅವಳಿಗೆ ಪ್ರಾಣ.

"ಊಟಕ್ಕೆ ಬಾರಮ್ಮ," ಮ್ಯಾನೇಜರ್ ಕರೆದರು. "ನೀನು ಉಪವಾಸ ಕೂತ್ರೆ ಅದು ತೆರ್ಕೊಳ್ಳುತ್ತಾ?"

"ನೀವು ಹೋಗಿ ಸಾರ್. ನನ್ನ ತಲೆ ತಿನ್ಬೇಡಿ."

ಎಲ್ಲರೂ ಹೋದರು. ಅವನ ನಾಯಿಯ ಹೆಸರು, ಬೈಕಿನ ನಂಬರು, ಬಾಯಿಗೆ ಬಂದ ಬೈಗುಳ, ಎಲ್ಲ ಒತ್ತಿ ಸೋತಿದ್ದೆ. ಮತ್ತೆ ನನ್ನರ್ಧ ಒತ್ತಿದೆ. ಅಭ್ಯಾಸಬಲ ನೋಡಿ, ಎದ್ದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟೆ. ಹುಚ್ಚೀ, ಯಾರಿಗೆ ಕಾಯ್ತಿದೀಯ ಎಂದು ನನ್ನನ್ನೇ ಬೈದುಕೊಂಡೆ. ಅಳು ಒತ್ತರಿಸಿ ಬಂತು.

ಬೆನ್ನ ಹಿಂದೆ ಕುರ್ಚಿ ಉಸ್ಸೆಂದಿತು.

ಆಮೇಲೆ ಕೀಲಿಗಳ ಸದ್ದು. ಅವನದೇ ಎರಡು ಬೆರಳಿನ ನಿಧಾನದ ಕುಟ್ಟುವಿಕೆ, ಕೊನೆಗೆ ಎಂಟರ್ ಮೇಲೊಂದು ಗುದ್ದು. ತಿರುಗುವ ಧೈರ್ಯ ಬರಲಿಲ್ಲ. ಗೋಡೆಯಲ್ಲಿ ಬಣ್ಣ ಎದ್ದಿದ್ದ ಜಾಗವನ್ನೇ ನೋಡುತ್ತ ನಿಂತೆ. ಯಾರೂ "ತಿರುಗು" ಅನ್ನಲಿಲ್ಲ.

ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಅಕ್ಕ.

"ಆ್ಯಪಲ್ಲಿ ಹಸಿರು ಬಂತು ಕಣೇ. ಬೆಳಗ್ಗೆಯಿಂದ ಸಂಜೆಗೆ ಅವಧಿ ಮುಗಿಯುತ್ತೆ ಅಂತ ಕೆಂಪು ತೋರಿಸ್ತಿತ್ತು."

"ಹೂಂ."

"ಲಂಬು ಈಗಷ್ಟೇ ಫೋನ್ ಮಾಡಿದ್ದ. ಎಷ್ಟು ದಿನ ಆಗಿತ್ತು ಅವನ ದನಿ ಕೇಳಿ. ಗಂಟಲು ಕಟ್ಟಿದೆ ಅನ್ಸುತ್ತೆ, ಒಂದೇ ಮಾತು ಹೇಳಿ ಇಟ್ಬಿಟ್ಟ."

"ಏನಂದ?"

"ಅವಳಿಗೆ ತಿರುಗೋಕೆ ಹೇಳಿ ಅಕ್ಕ, ಅಂದ. ನೀವಿಬ್ರೂ ಇನ್ನೂ ಮಕ್ಕಳಾಟ ಬಿಟ್ಟಿಲ್ವಾ?"

ಹೆದರಿಕೆಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು, ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲವಲ್ಲ ಎಂದು. "ಅವನಿಗೆ ಬೈತೀನಿ, ನೀನು ಮಲ್ಕೋ ಅಕ್ಕ," ಎಂದು ಫೋನಿಟ್ಟು ತಿರುಗಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಪರದೆಯ ಮೇಲೆ ಫೈಲು ತೆರೆದಿತ್ತು. ಕುರ್ಚಿ ಹತ್ತಿ ಕೂತೆ. ಕಾಲು ನೆಲಕ್ಕೆ ಎಟುಕಲಿಲ್ಲ.