ಬೂದಿ ಕಂಡ ತಂತಿ

ಹಿರಿಯರ ಹಬ್ಬದ ಎಡೆಗೆಂದು ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಹಿತ್ತಲ ಕಲ್ಲಿನ ಮೇಲೆ ಬೋರಲು ಹಾಕುತ್ತಿದ್ದೆ. ಪಕ್ಕದಲ್ಲಿ ಸೊಸೆ ಭಾಗ್ಯ ಏನೋ ಸಣ್ಣದನ್ನು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದಳು. ಒಳಗಿನಿಂದ ಬಂದ ಮೊಮ್ಮಗಳು ಗೌತಮಿ ಅದನ್ನು ಕಂಡು ಕಿರುಚಿದಳು.

“ಅಮ್ಮಾ, ಅವು ನನ್ನ ತಂತಿ!”

“ಯಾರ್ಯಾರ್ದೋ ಬಾಯೊಳಗಿದ್ದವಂತೆ. ಇರೀಕರಿಗೆ ಎಡೆ ಇಕ್ಕೋ ಮನೇಲಿ ಎಂಜಲು ಮಡೀಕತಾರೇನೇ? ನೋಡು, ಈಗ ಬೆಳ್ಳಿ ಇದ್ದಂಗವೆ.”

ಗೌತಮಿ ಮೈಸೂರಿನಲ್ಲಿ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದಾಳೆ, ಸೊಟ್ಟ ಹಲ್ಲಿಗೆ ಕ್ಲಿಪ್ ಹಾಕುವ ವಿದ್ಯೆ. ಕ್ಲಿಪ್ಪಿನ ತಂತಿಯಲ್ಲಿ ಸ್ಟೀಲಿನದು ಒಂದು ಬಗೆ, ಎಷ್ಟು ಬಗ್ಗಿಸಿದರೂ ತಿರುಗಿ ನೆಟ್ಟಗಾಗುವುದು ಇನ್ನೊಂದು. ಬಾಯಲ್ಲಿ ಇದ್ದು ಬಂದ ಮೇಲೆ ಯಾವುದರ ಮೈ ಹೆಚ್ಚು ತರಿತರಿಯಾಗಿದೆ ಎಂದು ಯಂತ್ರದಲ್ಲಿ ಅಳೆದು ಬರೆಯುವುದು ಅವಳ ಓದಿನ ಕೊನೆಯ ಕೆಲಸ. ತರಿಯಾದ ತಂತಿಯ ಮೇಲೆ ಹಲ್ಲು ಸಲೀಸಾಗಿ ಜಾರುವುದಿಲ್ಲವಂತೆ. ಹುಣಸೂರಿನ ಕ್ಲಿನಿಕ್ಕಿನಲ್ಲಿ ಕೇಳಿ ತಂದಿದ್ದರಲ್ಲಿ ಸ್ಟೀಲಿನವೆಲ್ಲ ಬೂದಿ ಕಂಡಿದ್ದವು. ಮಿಕ್ಕವು ಬ್ಯಾಗಿನಲ್ಲೇ ಇದ್ದವು.

“ಉಜ್ಜುದ್ರೆ ನುಣ್ಣಗಾಗಾಕಿಲ್ವೇನವ್ವ?” ಎಂದೆ.

“ಕಣ್ಣಿಗೆ ನುಣ್ಣಗೆ ಅಜ್ಜಿ. ಮಿಷಿನ್ನಲ್ಲಿ ನೋಡಿದ್ರೆ ಬರೀ ಗೀರು.”

ತಂತಿ ಹಾಳಾಯಿತೆಂದು, ಆ ಕೆಲಸ ನೋಡಿಕೊಳ್ಳುವ ಗೈಡ್ ಮೇಡಂಗೆ ಅವತ್ತೇ ಫೋನಿನಲ್ಲಿ ಪತ್ರ ಬರೆದಳು. ಕಳಿಸಲಿಲ್ಲ. ಕಳಿಸಿದರೆ ಮತ್ತೆ ತಂತಿ ಕೂಡಿಸಬೇಕು, ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋಗುತ್ತದೆ.

ದೀಪಾವಳಿಗೆ ಬಂದಾಗಲೂ ಪತ್ರ ಹಾಗೇ ಇತ್ತು. ಅಷ್ಟರಲ್ಲಿ ಆ ಉಜ್ಜಿದ ತಂತಿಗಳನ್ನೇ ಯಂತ್ರಕ್ಕೆ ಕೊಟ್ಟು ಅಳತೆಯೂ ಮುಗಿದು, ಸ್ಟೀಲೇ ಹೆಚ್ಚು ತರಿ ಎಂದು ಬಂದಿತ್ತು. ಇದುವರೆಗೆ ಓದಿದವರು ಹೇಳಿದ್ದಕ್ಕೆ ಇದು ತಿರುಗುಮುರುಗು. ಹೊಸ ವಿಷಯ ಸಿಕ್ಕಿತೆಂದು ಮೇಡಂ ಹಿಗ್ಗಿದ್ದರಂತೆ. ಭಾಗ್ಯಳಂತೂ ನಮ್ಮೂರು ಬಿಳಿಕೆರೆಗೆಲ್ಲ ಸಾರಿಬಿಟ್ಟಿದ್ದಳು.

ಹಬ್ಬದ ಮಾರನೆಯ ದಿನ ಎದುರುಮನೆಯ ಪವಿತ್ರ ಬಂದಳು. ಹೈಸ್ಕೂಲು ಹುಡುಗಿ, ಬಾಯಿ ತುಂಬ ಕ್ಲಿಪ್ಪು.

“ಗೌತಮಕ್ಕಾ, ನಾಳೆ ನಂಗೆ ಸ್ಟೀಲ್ ತಂತಿ ಆಕ್ತಾರಂತೆ. ಬ್ಯಾಡ ಅಂತ ಡಾಕ್ಟ್ರಿಗೆ ಏಳ್ಬುಡ್ಲಾ? ಅದು ಸರಿಯಿಲ್ಲ ಅಂತ ನೀನೇ ಕಂಡಿಡಿದ್ಯಂತಲ್ಲ, ಭಾಗ್ಯತ್ತೆ ಏಳ್ತು.”

ಗೌತಮಿ ಅವಳ ಬಾಯಲ್ಲಿನ ಕ್ಲಿಪ್ಪನ್ನು ಬಗ್ಗಿ ನೋಡಿದಳು.

“ಊಂ ಅನ್ನೇ,” ಭಾಗ್ಯ ಒಳಗಿಂದಲೇ ಕೂಗಿದಳು. “ಮತ್ಯಾಕೆ ಓದಿದ್ದು?”

“ಅಮ್ಮಾ, ಅದು ಬಾಯಲ್ಲಿದ್ದು ಆದ ತರಿ ಅಲ್ಲ. ನಿನ್ನ ಬೂದೀದು!”

ಪವಿತ್ರ ಕಿಸಕ್ಕನೆ ನಕ್ಕಳು. “ಅಂಗಾರೆ ಆಕುಸ್ಕಳ್ಳಾ?”

“ಡಾಕ್ಟ್ರು ಹಾಕಿದ್ದನ್ನ ಹಾಕಿಸ್ಕೊ ಕಣೆ. ನಾನಿನ್ನೂ ಏನೂ ಕಂಡುಹಿಡಿದಿಲ್ಲ.”

ಹುಡುಗಿ ಹೋದ ಮೇಲೆ ಗೌತಮಿ ಜಗಲಿಯಲ್ಲಿ ನನ್ನ ಪಕ್ಕ ಕೂತು ಫೋನು ತೆಗೆದಳು. ಅಳೆದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಡಿ ಎಂದು ಪತ್ರಕ್ಕೆ ಒಂದು ಸಾಲು ಸೇರಿಸಿದಳು.

“ಆರು ತಿಂಗಳು ಅಜ್ಜಿ.”

“ಆಗ್ಲಿ ಬುಡು. ನಾನು ಅಕ್ಸರ ಕಲ್ತಿದ್ದೇ ನೀನು ಉಟ್ಟಿದ್ಮ್ಯಾಲೆ.”

ಭಾಗ್ಯ ಬಾಗಿಲಿಗೆ ಬಂದಳು. “ನನ್ನೆಸ್ರು ಬರ್ದಿದ್ದೀಯೇನೇ?”

“ಇಲ್ಲ. ಮನೆಯವ್ರು ಉಜ್ಜಿದ್ರು ಅಂತ ಬರ್ದಿದ್ದೀನಿ.”

“ಅಂಗಾದ್ರೆ ಅತ್ತೆನೂ ಸೇರ್ತು!”

ಗೌತಮಿ ನಗುತ್ತಲೇ ಹೆಬ್ಬೆರಳು ಒತ್ತಿದಳು. ಪತ್ರ ಹೋಯಿತು.